ಕರೆಂಟ್ ಬಿಲ್ಲು, ಬಿಸಿಲು ಮತ್ತು ಒಂದು ಗೆರೆ: ರಿಗ್ರೆಶನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ರೈಸ್ ಮಿಲ್ಲು, ಹಾಸ್ಟೆಲ್ಲು, ಅಡಿಕೆ ತೋಟ, ಮನೆ, ಎಲ್ಲಿಂದ ಯಾರು ಬಿಲ್ಲಿನ ಕಟ್ಟು ತಂದರೂ ಕೂತು ಲೆಕ್ಕ ಹಾಕಿ ಕೊಡುತ್ತೇನೆ. ಇಷ್ಟು ವರ್ಷದಲ್ಲಿ ಕ್ಲಾಸಿನಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉದಾಹರಣೆಯ ಮನೆ, ಮಿಲ್ಲುಗಳ ಅಂಕಿಗಳು ಲೆಕ್ಕ ತಿಳಿಯಲಿ ಅಂತ ನಾನೇ ಇಟ್ಟುಕೊಂಡವು.

## ಮೊದಲಿಗೆ ತಿಳಿಯಬೇಕಾದ್ದು

"ರಿಗ್ರೆಶನ್ ಅಂದ್ರೆ ಏನು ಸಾರ್? ಸೂತ್ರ ಬೇಡ, ಬಾಯಲ್ಲಿ ಹೇಳಿ."

ಒಂದು ಹಿಟ್ಟಿನ ಗಿರಣಿ ಇದೆ ಅಂದುಕೊಳ್ಳಿ. ಜಾಸ್ತಿ ಜೋಳ ಬೀಸಿದ ದಿನ ಮೀಟರ್ ಜಾಸ್ತಿ ಓಡುತ್ತದೆ. ಗಿರಣಿಯವರು ಒಂದು ತಿಂಗಳು ದಿನಾ ಎಷ್ಟು ಕೆಜಿ ಬೀಸಿದೆವು, ಎಷ್ಟು ಯೂನಿಟ್ ಓಡಿತು ಅಂತ ಬರೆದಿಟ್ಟರು. ಗ್ರಾಫ್ ಹಾಳೆಯ ಮೇಲೆ ದಿನಕ್ಕೊಂದು ಚುಕ್ಕಿ ಇಟ್ಟರು. ರಂಗೋಲಿ ಚುಕ್ಕಿಯ ಹಾಗೆ ಸಾಲಾಗಿ ಬರುವುದಿಲ್ಲ, ಅಲ್ಲೊಂದು ಇಲ್ಲೊಂದು ಚೆದುರಿರುತ್ತವೆ. ಆದರೂ ಒಂದು ಏರು ಕಣ್ಣಿಗೆ ಕಾಣುತ್ತದೆ. ಆ ಚುಕ್ಕಿಗಳಿಗೆಲ್ಲ ಒಟ್ಟಾರೆ ತೀರ ಹತ್ತಿರವಾಗಿ ಹಾಯುವ ಗೆರೆಯನ್ನು ಹುಡುಕುವುದೇ ರಿಗ್ರೆಶನ್.

ಆ ಗೆರೆ ಎರಡು ಸಂಗತಿ ಹೇಳುತ್ತದೆ. ಏನೂ ಬೀಸದ ದಿನವೂ ಎಷ್ಟು ಉರಿಯುತ್ತದೆ ಅನ್ನುವುದು ಒಂದು. ಅದಕ್ಕೆ ಬುಡದ ಬಳಕೆ ಅನ್ನೋಣ. ಒಂದು ಕೆಜಿ ಹೆಚ್ಚಾದರೆ ಎಷ್ಟು ಏರುತ್ತದೆ ಅನ್ನುವುದು ಇನ್ನೊಂದು. ಅದು ಗೆರೆಯ ಇಳಿಜಾರು.

"ತೀರ ಹತ್ತಿರ" ಅನ್ನುವುದಕ್ಕೂ ಒಂದು ಅಳತೆ ಇದೆ. ಪ್ರತಿ ಚುಕ್ಕಿ ಗೆರೆಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಇದೆ ನೋಡಿ, ಅದರ ವರ್ಗ ಮಾಡಿ, ಎಲ್ಲ ಕೂಡಿಸಿ. ಆ ಮೊತ್ತ ಅತಿ ಕಡಿಮೆ ಬರುವ ಗೆರೆಯೇ ನಮ್ಮ ಗೆರೆ. ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಧೂಮಕೇತುಗಳ ದಾರಿ ಲೆಕ್ಕ ಹಾಕಲು ಈ ವಿಧಾನವನ್ನು ಪ್ರಕಟಿಸಿದರು. ರಿಗ್ರೆಶನ್ ಅನ್ನುವ ಹೆಸರು ಬಂದಿದ್ದು ಆಮೇಲೆ, ಫ್ರಾನ್ಸಿಸ್ ಗಾಲ್ಟನ್ ಅಪ್ಪ-ಅಮ್ಮಂದಿರ ಮತ್ತು ಮಕ್ಕಳ ಎತ್ತರ ಹೋಲಿಸಿದಾಗ. ಆಕಾಶ ನೋಡಲು ಹುಟ್ಟಿದ ಲೆಕ್ಕ ನಮ್ಮ ಗಿರಣಿಯ ಮೀಟರಿಗೂ ಒಗ್ಗುತ್ತದೆ. ನನಗೆ ಇದು ಇವತ್ತಿಗೂ ಖುಷಿ ಕೊಡುವ ಸಂಗತಿ.

"ಬೇಡಿಕೆ ಅಂದ್ರೆ ಯೂನಿಟ್ ತಾನೇ? ಎರಡೂ ಒಂದೇ ಅಲ್ವಾ?"

ಅಲ್ಲ. ನಲ್ಲಿಯಿಂದ ಈ ಕ್ಷಣ ನೀರು ಎಷ್ಟು ರಭಸದಲ್ಲಿ ಬರುತ್ತಿದೆ ಅನ್ನುವುದು ಬೇಡಿಕೆ, ಅದು ಕಿಲೋವ್ಯಾಟ್. ಸಂಜೆಯೊಳಗೆ ಎಷ್ಟು ಕೊಡ ತುಂಬಿತು ಅನ್ನುವುದು ಯೂನಿಟ್. 5 ಎಚ್‌ಪಿ ಮೋಟರ್ ಪೂರ್ತಿ ಲೋಡಿನಲ್ಲಿ ಹೊರಹಾಕುವ ಶಕ್ತಿ ಸುಮಾರು 3.7 ಕಿಲೋವ್ಯಾಟ್. 7 ಗಂಟೆ ಓಡಿದರೆ 26 ಯೂನಿಟ್. ಮೋಟರ್ ಒಳಗಿನ ನಷ್ಟ ಸೇರಿದರೆ ಇನ್ನೂ ಸ್ವಲ್ಪ ಜಾಸ್ತಿ. ಊರಿನ ನೂರು ಮೋಟರ್ ಬೇರೆ ಬೇರೆ ಹೊತ್ತಿನಲ್ಲಿ ಓಡಿದರೂ, ಒಟ್ಟಿಗೇ ಓಡಿದರೂ ಯೂನಿಟ್ ಅಷ್ಟೇ. ಒಟ್ಟಿಗೇ ಓಡಿದರೆ ಮಾತ್ರ ಟಿಸಿ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಗುತ್ತದೆ. ಉಳಿತಾಯದ ಮಾತು ಬಂದರೆ ಯೂನಿಟ್ ನೋಡಿ. ಟಿಸಿ, ಲೈನು, ಸಬ್‌ಸ್ಟೇಷನ್ ಮಾತು ಬಂದರೆ ಬೇಡಿಕೆ ನೋಡಿ.

"ಹೋದ ವರ್ಷದ ಬಿಲ್ಲು, ಈ ವರ್ಷದ ಬಿಲ್ಲು ಪಕ್ಕಪಕ್ಕ ಇಟ್ಟು ನೋಡಿದ್ರೆ ಸಾಕಲ್ವಾ? ಇದಕ್ಕೆಲ್ಲ ಗೆರೆ ಯಾಕೆ?"

ಎಲ್ಲಕ್ಕಿಂತ ಜಾಸ್ತಿ ಬಂದ ಪ್ರಶ್ನೆ ಇದು. ಉತ್ತರ ಸ್ವಲ್ಪ ಉದ್ದ, ಯಾಕೆಂದರೆ ಇಡೀ ವಿಷಯ ಇದರ ಮೇಲೇ ನಿಂತಿದೆ.

ಪಿ.ಜೆ. ಬಡಾವಣೆಯಲ್ಲಿ ಒಂದು ಮನೆ ಅಂದುಕೊಳ್ಳಿ. ಹೋದ ವರ್ಷದ ಬಿಲ್ಲುಗಳಿಂದ ಗೆರೆ ಎಳೆದಾಗ ಸಿಕ್ಕಿದ್ದು ಇಷ್ಟು: ತಿಂಗಳ ಸರಾಸರಿ ಉಷ್ಣಾಂಶ 24 ಡಿಗ್ರಿ ಇದ್ದರೆ 80 ಯೂನಿಟ್, ಅಲ್ಲಿಂದ ಒಂದೊಂದು ಡಿಗ್ರಿ ಏರಿದರೆ 12 ಯೂನಿಟ್ ಜಾಸ್ತಿ. ಹೋದ ಏಪ್ರಿಲ್‌ನಲ್ಲಿ ಸರಾಸರಿ 29 ಡಿಗ್ರಿ ಇತ್ತು, 140 ಯೂನಿಟ್ ಬಂತು. ಈ ವರ್ಷ ಮಾರ್ಚ್‌ನಲ್ಲಿ ನಡುಮನೆಯ ಹಳೇ ಫ್ಯಾನ್ ತೆಗೆದು, ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರು. ಈ ಏಪ್ರಿಲ್‌ನಲ್ಲಿ 138 ಬಂತು. "ಮೂರು ಸಾವಿರ ರೂಪಾಯಿ ಕೊಟ್ಟು ಎರಡು ಯೂನಿಟ್ ಉಳಿಸಿದ್ವಾ?" ಅಂತ ಮನೆಯವರಿಗೆ ಬೇಜಾರು.

ಆದರೆ ಈ ಏಪ್ರಿಲ್ ಸರಾಸರಿ 30 ಡಿಗ್ರಿ. ಹಳೇ ಫ್ಯಾನೇ ಇದ್ದಿದ್ದರೆ ಗೆರೆಯ ಪ್ರಕಾರ 152 ಯೂನಿಟ್ ಆಗಬೇಕಿತ್ತು. ಆಗಿದ್ದು 138. ಉಳಿದಿದ್ದು ಎರಡಲ್ಲ, 14. ಇದನ್ನು ಬೇರೆ ದಾರಿಯಿಂದಲೂ ತಾಳೆ ನೋಡಬಹುದು. ಹಳೇ ಫ್ಯಾನ್ 75 ವ್ಯಾಟ್, ಹೊಸದು 30. ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 13.5 ಯೂನಿಟ್ ವ್ಯತ್ಯಾಸ. ಎರಡು ಲೆಕ್ಕವೂ ಹತ್ತಿರ ಹತ್ತಿರ ಬಂದವು.

ಉಳಿತಾಯವನ್ನು ಅಳೆಯುವ ಮೀಟರ್ ಎಲ್ಲೂ ಇಲ್ಲ. ಬಳಸಿದ್ದನ್ನು ಮೀಟರ್ ತೋರಿಸುತ್ತದೆ. ಬಳಸದೇ ಉಳಿದದ್ದನ್ನು ತೋರಿಸುವುದಿಲ್ಲ. "ಏನೂ ಬದಲಾಯಿಸದೇ ಇದ್ದಿದ್ದರೆ ಎಷ್ಟಾಗುತ್ತಿತ್ತು?" ಅನ್ನುವ ಪ್ರಶ್ನೆಗೆ ಯಾರಾದರೂ ಉತ್ತರ ಕೊಡಬೇಕು. ಬರೀ ಹೋದ ವರ್ಷದ ಬಿಲ್ಲನ್ನು ಇಟ್ಟು ನೋಡಿದರೂ ಒಂದು ಉತ್ತರ ಕೊಟ್ಟ ಹಾಗೇ ಆಯಿತು: ಬಿಸಿಲು, ನೆಂಟರು, ರಜೆ ಎಲ್ಲವೂ ಹೋದ ವರ್ಷದ್ದೇ ಅಂತ. ಅದು ತಪ್ಪು ಉತ್ತರ. ಗೆರೆ ಕೊಡುವುದು ಅದಕ್ಕಿಂತ ಒಳ್ಳೆಯ ಉತ್ತರ, ಅಷ್ಟೇ. ಅದೂ ಊಹೆಯೇ. ಆದರೆ ಯಾವುದರ ಮೇಲೆ ನಿಂತ ಊಹೆ ಅಂತ ಬಿಚ್ಚಿ ತೋರಿಸಬಹುದು.

"ಗೃಹಜ್ಯೋತಿ ಬಂದ ಮೇಲೆ ನಮ್ಮ ಬಿಲ್ಲೇ ಸೊನ್ನೆ. ಇನ್ನು ಲೆಕ್ಕ ಯಾಕೆ ಬೇಕು?"

ಬಿಲ್ಲು ಸೊನ್ನೆ ಇರಬಹುದು, ಯೂನಿಟ್ ಸೊನ್ನೆ ಅಲ್ಲ. 2023ರಲ್ಲಿ ಯೋಜನೆ ಶುರುವಾದಾಗ ಹಾಕಿದ ಲೆಕ್ಕ ನೆನಪಿಸಿಕೊಳ್ಳಿ. 2022-23ನೇ ಸಾಲಿನ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ. 10. ಗರಿಷ್ಠ 200 ಯೂನಿಟ್. ನಿಮ್ಮ ಮಿತಿ ದಾಟಿದರೆ ದಾಟಿದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು.

ಸರಾಸರಿ ಅನ್ನುವುದು ವರ್ಷಪೂರ್ತಿ ಒಂದೇ ಅಂಕಿ. ನಿಮ್ಮ ಬಳಕೆ ಹಾಗಲ್ಲ. ಸರಾಸರಿ 100 ಇರುವ ಮನೆಗೆ 110ರ ಮಿತಿ ಸಿಕ್ಕಿತು ಅಂದುಕೊಳ್ಳಿ. ಡಿಸೆಂಬರ್‌ನಲ್ಲಿ 80 ಬಳಸುತ್ತೀರಿ, ಉಳಿದ 30 ಮುಂದಿನ ತಿಂಗಳಿಗೆ ಬರುವುದಿಲ್ಲ. ಏಪ್ರಿಲ್‌ನಲ್ಲಿ 140 ಆಗುತ್ತದೆ, 30ಕ್ಕೆ ದುಡ್ಡು ಕಟ್ಟುತ್ತೀರಿ. ಬಿಸಿಲಿನ ಗೆರೆ ಕೈಯಲ್ಲಿದ್ದರೆ ಯಾವ ತಿಂಗಳು ಮಿತಿ ದಾಟುತ್ತೀರಿ ಅಂತ ಫೆಬ್ರವರಿಯಲ್ಲೇ ಗೊತ್ತಾಗುತ್ತದೆ. 190ರ ಆಸುಪಾಸು ಇರುವ ಮನೆಗಳಿಗೆ ಇದು ದೊಡ್ಡ ಮಾತು.

"ಎಷ್ಟು ತಿಂಗಳ ಬಿಲ್ಲು ತರಬೇಕು?"

ಕನಿಷ್ಠ 12. ಒಂದು ಸುತ್ತು ಬೇಸಿಗೆ, ಮಳೆಗಾಲ, ಚಳಿ ಬರಲೇಬೇಕು. 24 ಇದ್ದರೆ ಇನ್ನೂ ಒಳ್ಳೆಯದು. ಮೂರು ತಿಂಗಳ ಬಿಲ್ಲು ತಂದು ವರ್ಷದ ಲೆಕ್ಕ ಕೇಳಿದರೆ ನಾನು ಹಾಕಿಕೊಡುವುದಿಲ್ಲ.

ಬಿಲ್ಲಿನಲ್ಲಿ ಎರಡು ಕಡೆ ಕಣ್ಣಿಡಿ. ರೀಡಿಂಗ್ ತಾರೀಕು ನೋಡಿ. ಒಂದು ಬಿಲ್ಲು 28 ದಿನದ್ದು, ಇನ್ನೊಂದು 33 ದಿನದ್ದು ಇರಬಹುದು. ಯೂನಿಟ್ಟನ್ನು ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಅಂತ ಮಾಡಿಕೊಳ್ಳಿ. ಮನೆ ಬೀಗ ಹಾಕಿದ್ದ ತಿಂಗಳು ಅಂದಾಜಿನಲ್ಲಿ ಬರೆದಿರುತ್ತಾರೆ, ಮುಂದಿನ ತಿಂಗಳು ಅದು ಸರಿಹೋಗುತ್ತದೆ. ಅಂಥ ಎರಡು ತಿಂಗಳನ್ನು ಸೇರಿಸಿ ಒಂದೇ ಚುಕ್ಕಿ ಮಾಡಿ.

## ಲೆಕ್ಕಕ್ಕೆ ಕೂತಾಗ

"ಉಷ್ಣಾಂಶದ ಅಂಕಿ ನಮ್ಮೂರಿಗೆ ಅಂತ ಸಿಗುತ್ತಾ?"

ಸಿಗುತ್ತದೆ. ಚಿತ್ರದುರ್ಗದಲ್ಲಿ ಹವಾಮಾನ ಇಲಾಖೆಯ ವೀಕ್ಷಣಾಲಯ ಇದೆ. ನಾಸಾದ ಪವರ್ ಜಾಲತಾಣದಲ್ಲಿ ಅಕ್ಷಾಂಶ, ರೇಖಾಂಶ ಕೊಟ್ಟರೆ ದಿನದಿನದ ಉಷ್ಣಾಂಶ ಪುಕ್ಕಟೆ ಸಿಗುತ್ತದೆ. ದಾವಣಗೆರೆಗೆ 14.46 ಮತ್ತು 75.92 ಅಂತ ಹಾಕಿ. ಅದು ಉಪಗ್ರಹ ಮತ್ತು ಹವಾಮಾನ ಮಾದರಿಗಳಿಂದ ಬಂದ ಅಂಕಿ, ನಿಮ್ಮ ಬೀದಿಯ ಥರ್ಮಾಮೀಟರ್ ಅಲ್ಲ. ಆದರೂ ಏರಿಳಿತ ಸರಿಯಾಗಿ ಹಿಡಿದರೆ ನಮ್ಮ ಕೆಲಸಕ್ಕೆ ಸಾಕು. ಮಳೆಯ ಅಂಕಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. ಒಂದೇ ಎಚ್ಚರಿಕೆ: ಮೊದಲ ವರ್ಷ ಒಂದು ಕಡೆಯ ಅಂಕಿ, ಎರಡನೇ ವರ್ಷ ಇನ್ನೊಂದು ಕಡೆಯದು ಬಳಸಬೇಡಿ.

"ಪುಸ್ತಕದಲ್ಲಿ ಡಿಗ್ರಿ-ದಿನಕ್ಕೆ 18 ಡಿಗ್ರಿ ಅಂತಿದೆ. ನಮಗೆ ಅದು ಸರಿ ಹೋಗುತ್ತಾ?"

18.3 ಡಿಗ್ರಿ ಬಂದಿದ್ದು ಅಮೆರಿಕದಿಂದ, ಅಲ್ಲಿನ 65 ಫ್ಯಾರನ್‌ಹೀಟ್. ಹೊರಗೆ ಅದಕ್ಕಿಂತ ತಣ್ಣಗಾದರೆ ಅಲ್ಲಿನ ಮನೆಗಳು ಹೀಟರ್ ಹಚ್ಚುತ್ತವೆ ಅನ್ನುವ ಲೆಕ್ಕ. ನಮ್ಮಲ್ಲಿ 18 ಡಿಗ್ರಿಗೆ ಯಾರು ಫ್ಯಾನ್ ಹಾಕುತ್ತಾರೆ? ಶಾಲು ಹೊದೆಯುತ್ತೇವೆ.

ಡಿಗ್ರಿ-ದಿನ ಅಂದರೆ ಇಷ್ಟೇ. ಒಂದು ಬುಡದ ಉಷ್ಣಾಂಶ ಇಟ್ಟುಕೊಳ್ಳಿ, 24 ಅಂತಿರಲಿ. ಇವತ್ತಿನ ಸರಾಸರಿ 29 ಆದರೆ 5 ಡಿಗ್ರಿ-ದಿನ. ನಾಳೆ 23 ಆದರೆ ಸೊನ್ನೆ, ಮೈನಸ್ ಇಲ್ಲ. ತಿಂಗಳದ್ದು ಕೂಡಿಸಿ. ಬರೀ ಸರಾಸರಿ ಉಷ್ಣಾಂಶಕ್ಕಿಂತ ಇದು ಯಾಕೆ ಮೇಲು ಅಂದರೆ, ಫ್ಯಾನು, ಎಸಿ ಒಂದು ಹಂತ ದಾಟಿದ ಮೇಲೇ ಓಡುತ್ತವೆ.

ಬುಡ ಯಾವುದು ಅಂತ ನಿಮ್ಮ ಬಿಲ್ಲುಗಳನ್ನೇ ಕೇಳಿ. 21ರಿಂದ 28ರವರೆಗೆ ಒಂದೊಂದನ್ನೂ ಇಟ್ಟು ಗೆರೆ ಎಳೆಯಿರಿ. ಚುಕ್ಕಿಗಳು ಯಾವುದಕ್ಕೆ ಹತ್ತಿರ ಕೂರುತ್ತವೋ ಅದೇ ನಿಮ್ಮ ಮನೆಯ ಬುಡ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಪ್ರಿಸ್ಮ್ ಅನ್ನುವ ವಿಧಾನದಲ್ಲಿ ಇದನ್ನೇ ಮಾಡಿದರು: ಮನೆಯ ಬಿಲ್ಲು, ಊರಿನ ಉಷ್ಣಾಂಶ, ಪ್ರತಿ ಮನೆಗೂ ಅದರದೇ ಬುಡ. ಆರ್‌ಸಿಸಿ ತಾರಸಿ ಕೆಳಗಿನ ಮನೆಗೂ ಹೆಂಚಿನ ಮನೆಗೂ ಬುಡ ಬೇರೆ ಬಂದರೆ ಆಶ್ಚರ್ಯ ಪಡಬೇಡಿ.

ಗೀಸರ್ ಇದ್ದರೆ ಇನ್ನೊಂದು ತಿರುವು. ಚಳಿಗಾಲದಲ್ಲೂ ಬಳಕೆ ಏರುತ್ತದೆ. ಆಗ ಒಂದೇ ಗೆರೆ ಸಾಲದು. ಎಡಕ್ಕೊಂದು, ಬಲಕ್ಕೊಂದು ಏರು ಇರುವ, ನಡುವೆ ಸಪಾಟಾದ ಗೆರೆ ಬೇಕು.

"ನಮ್ದು ರೈಸ್ ಮಿಲ್ ಐತಿ ಸಾರ್. ಬಿಸಿಲಿಗೂ ನಮಗೂ ಏನು ಸಂಬಂಧ?"

ಸಂಬಂಧ ಇಲ್ಲದಿದ್ದರೆ ಬಿಸಿಲನ್ನು ಬಿಟ್ಟುಬಿಡಿ. ಗೆರೆಯ ಅಡಿಯಲ್ಲಿ ಬಿಸಿಲೇ ಇರಬೇಕು ಅಂತ ಯಾರೂ ಹೇಳಿಲ್ಲ. ಬಳಕೆಯನ್ನು ನಿಜವಾಗಿ ಏರಿಸುವುದು ಯಾವುದೋ ಅದನ್ನು ಇಡಬೇಕು. ಮಿಲ್ಲಿಗೆ ಅದು ಆಡಿಸಿದ ಭತ್ತ. ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಅರೆದ ಶೇಂಗಾ. ಐಸ್‌ಕ್ರೀಂ ಗೋದಾಮಿಗೆ ಮಾತ್ರ ಬಿಸಿಲು ಬೇಕೇ ಬೇಕು.

ಒಂದು ಮಿಲ್ಲಿನ 12 ತಿಂಗಳ ಲೆಕ್ಕದಿಂದ ಈ ಗೆರೆ ಸಿಕ್ಕಿತು ಅಂದುಕೊಳ್ಳಿ:

ತಿಂಗಳ ಯೂನಿಟ್ = 3,000 + 35 × ಆಡಿಸಿದ ಟನ್

400 ಟನ್ ಆಡಿಸಿದ ತಿಂಗಳು 17,000 ಯೂನಿಟ್. ಆಮೇಲೆ ಹಳೇ ಮೋಟರ್ ತೆಗೆದು, ಕಡಿಮೆ ಕರೆಂಟ್ ತಿನ್ನುವ ಹೊಸ ಐಇ3 ದರ್ಜೆಯ ಮೋಟರ್ ಹಾಕಿಸಿದರು. ಸುಗ್ಗಿ ಬಂತು, ಭದ್ರಾ ನಾಲೆಯ ಭತ್ತ ಬಂತು, 500 ಟನ್ ಆಡಿಸಿದರು. ಬಿಲ್ಲು 19,000 ಯೂನಿಟ್. ಮಾಲೀಕರು ತಲೆ ಮೇಲೆ ಕೈ ಹೊತ್ತರು: "ಮೋಟರ್‌ಗೆ ಲಕ್ಷ ಲಕ್ಷ ಸುರಿದೆ, ಬಿಲ್ಲು ಎರಡು ಸಾವಿರ ಯೂನಿಟ್ ಏರೇತಲ್ಲ!" ಹಳೇ ಮೋಟರ್ ಇದ್ದಿದ್ದರೆ 500 ಟನ್ನಿಗೆ 20,500 ಆಗುತ್ತಿತ್ತು. ಉಳಿದಿದ್ದು 1,500.

ಅನೇಕರು ಇಲ್ಲಿ "ಟನ್ನಿಗೆ ಎಷ್ಟು ಯೂನಿಟ್" ಅಂತ ಭಾಗಿಸಿ ಸುಮ್ಮನಾಗುತ್ತಾರೆ. ಅದು ಮೋಸ ಮಾಡುತ್ತದೆ. 400 ಟನ್ ತಿಂಗಳಲ್ಲಿ ಟನ್ನಿಗೆ 42.5, 500 ಟನ್ ತಿಂಗಳಲ್ಲಿ ಹಳೇ ಮೋಟರೇ ಇದ್ದರೂ 41. ಬುಡದ 3,000 ಯೂನಿಟ್ ಜಾಸ್ತಿ ಟನ್ನಿಗೆ ಹಂಚಿಹೋಯಿತು, ಅಷ್ಟೇ. ಏನೂ ಮಾಡದೇ ಉಳಿತಾಯ ಆದ ಹಾಗೆ ಕಾಣುತ್ತದೆ. ಆಡಿಸುವುದು ಕಡಿಮೆ ಇರುವ ತಿಂಗಳು ಇದೇ ಲೆಕ್ಕ ಉಲ್ಟಾ ಹೊಡೆದು, ಮಿಲ್ಲಿನ ಆಪರೇಟರ್ ಸುಮ್ಸುಮ್ನೆ ಬೈಸಿಕೊಳ್ಳುತ್ತಾನೆ.

ಮತ್ತೆ, ಆ 3,000 ಬಗ್ಗೆ ಯೋಚಿಸಿ. ಒಂದು ಕಾಳೂ ಆಡಿಸದ ತಿಂಗಳಲ್ಲೂ ಉರಿಯುವ ಕರೆಂಟ್ ಅದು. ಯಾವ ಮೋಟರ್ ಸುಮ್ಮನೆ ತಿರುಗುತ್ತಿದೆ, ಯಾವ ಏರ್ ಕಂಪ್ರೆಸರ್ ಸೋರುತ್ತಿದೆ ಅಂತ ರಾತ್ರಿ ಮಿಲ್ ನಿಲ್ಲಿಸಿದ ಮೇಲೆ ಒಂದು ಸುತ್ತು ಹಾಕಿ ಬನ್ನಿ. ಕೆಲವು ಕಡೆ ಮೋಟರ್ ಬದಲಿಸುವುದಕ್ಕಿಂತ ಜಾಸ್ತಿ ಉಳಿತಾಯ ಅಲ್ಲೇ ಸಿಕ್ಕಿದೆ.

"ಎಕ್ಸೆಲ್‌ನಲ್ಲಿ ಆಗುತ್ತಾ, ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಾ?"

ಎಕ್ಸೆಲ್ ಸಾಕು. ಸ್ಲೋಪ್, ಇಂಟರ್ಸೆಪ್ಟ್ ಅಂತ ಎರಡು ಫಂಕ್ಷನ್ ಇವೆ. ಎರಡು ಮೂರು ಕಾರಣ ಒಟ್ಟಿಗೆ ಇಡಬೇಕಾದರೆ ಲೈನೆಸ್ಟ್ ಬಳಸಿ. ಆದರೆ ಅದಕ್ಕೂ ಮೊದಲು ಚುಕ್ಕಿ ಚಿತ್ರ ಹಾಕಿ, ಕಣ್ಣಿಂದ ನೋಡಿ. ಒಂದು ಚುಕ್ಕಿ ಎಲ್ಲೋ ದೂರ ನಿಂತಿದ್ದರೆ ಅದು ಬರೆಯುವಾಗ ಆದ ತಪ್ಪೋ, ನಿಜವೋ ಅಂತ ವಿಚಾರಿಸಿದ ಮೇಲೇ ಮುಂದೆ ಹೋಗಿ.

"ಆರ್-ಸ್ಕ್ವೇರ್ 0.95 ಬಂತು! ಗೆದ್ದ ಹಾಗೇ ಅಲ್ವಾ?"

ಇನ್ನೂ ಇಲ್ಲ. ಏರಿಳಿತದಲ್ಲಿ ಎಷ್ಟು ಪಾಲನ್ನು ಗೆರೆ ಹಿಡಿದಿದೆ ಅಂತ ಮಾತ್ರ ಆರ್-ಸ್ಕ್ವೇರ್ ಹೇಳುತ್ತದೆ. ಉಳಿತಾಯದ ಅಳತೆಗೆ 0.75 ಮೇಲಿದ್ದರೆ ಒಳ್ಳೆಯದು ಅಂತ ಒಂದು ರೂಢಿ ಇದೆ. ಆದರೆ ಬೀದಿ ದೀಪದ ಬಿಲ್ಲು ತಗೊಳ್ಳಿ. ತಿಂಗಳು ತಿಂಗಳು ಹೆಚ್ಚುಕಡಿಮೆ ಒಂದೇ. ಏರಿಳಿತವೇ ಇಲ್ಲದ ಮೇಲೆ ಹಿಡಿಯುವುದೇನು? ಆರ್-ಸ್ಕ್ವೇರ್ ಕಡಿಮೆ ಬರುತ್ತದೆ, ಮುಂದಿನ ತಿಂಗಳ ಅಂದಾಜು ಮಾತ್ರ ಕರಾರುವಾಕ್ಕಾಗಿರುತ್ತದೆ.

ನಾನು ಮೊದಲು ನೋಡುವುದು ಉಳಿಕೆಗಳನ್ನು, ಅಂದರೆ ಚುಕ್ಕಿಗೂ ಗೆರೆಗೂ ಇರುವ ಅಂತರಗಳನ್ನು. ಅವುಗಳ ಸಾಮಾನ್ಯ ಗಾತ್ರವನ್ನು ತಿಂಗಳ ಸರಾಸರಿ ಬಳಕೆಯಿಂದ ಭಾಗಿಸಿ. ಮೇಲೆ ಹೇಳಿದ ಮಿಲ್ಲಿನಲ್ಲಿ ಉಳಿಕೆ 600 ಯೂನಿಟ್, ಸರಾಸರಿ 17,000 ಅಂದರೆ ಶೇ. 3.5. ತುಂಬ ಚೆನ್ನಾಗಿದೆ. ಆಮೇಲೆ ಉಳಿಕೆಗಳನ್ನು ತಿಂಗಳ ಸಾಲಿನಲ್ಲಿ ಇಟ್ಟು ನೋಡಿ. ಆರು ತಿಂಗಳು ಬರೀ ಮೇಲೆ, ಆರು ತಿಂಗಳು ಬರೀ ಕೆಳಗೆ ಇದ್ದರೆ, ಗೆರೆಗೆ ಗೊತ್ತಿಲ್ಲದ ಏನೋ ಒಂದು ನಡೆಯುತ್ತಿದೆ ಅಂತ ಅರ್ಥ.

"ಫ್ಯಾನ್ ಬದಲಿಸಿದ ಮೇಲೆ ಬಳಕೆ ಇಳಿದಿದೆ. ಅಂದ್ಮೇಲೆ ಫ್ಯಾನ್‌ನಿಂದಲೇ ಇಳಿದಿದ್ದು, ಅಲ್ವಾ?"

ನಾನೂ ಒಮ್ಮೆ ಹಾಗೇ ಹೇಳಿ ತಪ್ಪು ಮಾಡಿದ್ದೇನೆ. ಒಂದು ವಿದ್ಯಾರ್ಥಿ ಹಾಸ್ಟೆಲ್. ಮಾರ್ಚ್ ಕೊನೆಗೆ ಎಲ್ಲ ಕೋಣೆಯ ಫ್ಯಾನು, ಟ್ಯೂಬ್‌ಲೈಟ್ ಬದಲಿಸಿದರು. ಬಿಸಿಲನ್ನು ಲೆಕ್ಕಕ್ಕೆ ತಗೊಂಡು ಗೆರೆ ಎಳೆದೆ. ಮೇ ತಿಂಗಳಲ್ಲಿ ಬಳಕೆ ಅರ್ಧಕ್ಕೆ ಇಳಿದಿತ್ತು. ವಾರ್ಡನ್‌ಗೆ ಫೋನ್ ಮಾಡಿ ಖುಷಿಯಿಂದ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಮೇಷ್ಟ್ರೇ, ಪರೀಕ್ಷೆ ಮುಗಿದು ಹುಡುಗರೆಲ್ಲ ಊರಿಗೆ ಹೋಗಿದಾರಲ್ಲ" ಅಂದರು.

ಆಮೇಲೆ ಮೆಸ್ಸಿನ ರಿಜಿಸ್ಟರ್ ತರಿಸಿದೆವು. ದಿನಾ ಎಷ್ಟು ಊಟ ಹೋಯಿತು ಅನ್ನುವ ಲೆಕ್ಕ ಅದರಲ್ಲಿತ್ತು. ಅದನ್ನು ಎರಡನೇ ಕಾರಣವಾಗಿ ಗೆರೆಗೆ ಸೇರಿಸಿದಾಗ ಉಳಿತಾಯ ಸಾಕಷ್ಟು ಸಣ್ಣದಾಯಿತು, ಆದರೆ ನಿಜವಾಯಿತು. ಅವತ್ತಿನಿಂದ ಯಾವ ಕಟ್ಟಡದ ಲೆಕ್ಕ ಬಂದರೂ ನಾನು ಮೊದಲು ಕೇಳುವುದು "ಒಳಗೆ ಎಷ್ಟು ಜನ ಇದ್ದರು?" ಅಂತ. ಆದರೆ ಇನ್ನೊಂದು ದಾರಿಯೂ ಇದೆ. ಅದೇ ಆವರಣದಲ್ಲಿ ಫ್ಯಾನ್ ಬದಲಿಸದ ಇನ್ನೊಂದು ಬ್ಲಾಕ್ ಇದ್ದರೆ ಅದನ್ನೂ ಜೊತೆಗೆ ಅಳೆಯಿರಿ. ಬದಲಿಸದ ಬ್ಲಾಕಿನಲ್ಲೂ ಬಳಕೆ ಇಳಿದಿದ್ದರೆ ಅಷ್ಟು ಪಾಲು ಫ್ಯಾನಿನದಲ್ಲ.

"ಬಿಸಿಲು ಏರಿದಾಗಲೇ ಮಳೆಯೂ ಇರಲ್ಲ. ಮೋಟರ್ ಓಡಿದ್ದು ಯಾವುದಕ್ಕೆ ಅಂತ ಹೇಗೆ ಬೇರ್ಪಡಿಸೋದು?"

ಚನ್ನಗಿರಿಯ ಅಡಿಕೆ ತೋಟದವರೊಬ್ಬರು ಬರೆದು ಕೇಳಿದ್ದು. ಒಳ್ಳೇ ಪ್ರಶ್ನೆ. ಎರಡು ಕಾರಣ ಜೋಡೆತ್ತಿನ ಹಾಗೆ ಒಟ್ಟಿಗೇ ನಡೆದರೆ, ಗಾಡಿ ಎಳೆದಿದ್ದು ಯಾವ ಎತ್ತು ಅಂತ ಗೆರೆಗೆ ತಿಳಿಯುವುದಿಲ್ಲ. ಒಂದು ಇಳಿಜಾರು ವಿಪರೀತ ದೊಡ್ಡದಾಗಿ, ಇನ್ನೊಂದು ಮೈನಸ್ ಆಗಿ ಬರಬಹುದು. ಮುಂದಿನ ತಿಂಗಳ ಒಟ್ಟು ಅಂದಾಜು ಮಾತ್ರ ಬೇಕಿದ್ದರೆ ತೊಂದರೆ ಇಲ್ಲ. ಯಾವುದಕ್ಕೆ ಎಷ್ಟು ಅಂತ ಬೇಕಿದ್ದರೆ ಜೋಡಿ ಮುರಿದ ದಿನಗಳು ಬೇಕು: ಬಿಸಿಲಿದ್ದೂ ಮಳೆ ಬಂದ ಮೇ ತಿಂಗಳ ವಾರ, ಮೋಡವಿದ್ದೂ ಹನಿ ಬೀಳದ ಜುಲೈ ವಾರ. ತಿಂಗಳ ಅಂಕಿಯಲ್ಲಿ ಇವು ಮುಚ್ಚಿಹೋಗುತ್ತವೆ, ದಿನದ ಅಂಕಿಯಲ್ಲಿ ಸಿಗುತ್ತವೆ.

## ಇನ್ನೂ ಆಳಕ್ಕೆ ಇಳಿದವರಿಗೆ

"ಇಡೀ ಜಿಲ್ಲೆಗೆ ನಾಳೆ ಎಷ್ಟು ಕರೆಂಟ್ ಬೇಕು ಅಂತ ಹೇಗೆ ಹೇಳ್ತಾರೆ?"

ನಮ್ಮ ದೇಶದಲ್ಲಿ ಒಂದು ದಿನವನ್ನು 15 ನಿಮಿಷದ 96 ತುಂಡು ಮಾಡಿ, ಒಂದೊಂದಕ್ಕೂ ಎಷ್ಟು ಬೇಕು ಅಂತ ಕರೆಂಟ್ ಹಂಚುವ ಕಂಪನಿಗಳು ಮೊದಲೇ ಹೇಳಬೇಕು. ಹೇಳಿದ್ದಕ್ಕೂ ಎಳೆದಿದ್ದಕ್ಕೂ ವ್ಯತ್ಯಾಸ ಬಂದರೆ ದುಡ್ಡು ತೆರಬೇಕು. ಹಾಗಾಗಿ ಅಂದಾಜಿನ ತಪ್ಪಿಗೆ ನೇರ ಬೆಲೆ ಇದೆ.

ಇಲ್ಲಿನ ಗೆರೆಗೆ ಹಲವು ಕಾರಣಗಳು ಬೇಕು. ದಿನದ ಯಾವ ಹೊತ್ತು, ವಾರದ ಯಾವ ದಿನ, ಯಾವ ತಿಂಗಳು, ಉಷ್ಣಾಂಶ ಎಷ್ಟು, ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತು. 2012ರಲ್ಲಿ ನಡೆದ ಜಾಗತಿಕ ವಿದ್ಯುತ್ ಅಂದಾಜು ಸ್ಪರ್ಧೆಯಲ್ಲಿ ಟಾವೊ ಹಾಂಗ್ ಅವರು ಹೋಲಿಕೆಗೆ ಇಟ್ಟಿದ್ದ ಮಾದರಿ ಒಂದು ರಿಗ್ರೆಶನ್ನೇ: ಹೊತ್ತು, ವಾರ, ತಿಂಗಳು, ಮತ್ತು ಉಷ್ಣಾಂಶದ ಘನದವರೆಗಿನ ಪದಗಳು. ಅದು ಇವತ್ತಿಗೂ ಒಳ್ಳೆಯ ಅಳತೆಗೋಲು.

ಆದರೆ ಅದನ್ನು ತಂದು ಚಿತ್ರದುರ್ಗಕ್ಕೆ ಹಾಗೇ ಕೂರಿಸಲು ಆಗುವುದಿಲ್ಲ. ನಮ್ಮಲ್ಲಿ ಮಳೆ ದೊಡ್ಡ ಯಜಮಾನ. 2023ರ ಆಗಸ್ಟ್ ನೆನಪಿದೆಯಾ? 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು. ಮಳೆಗಾಲದಲ್ಲಿ ಸುಮ್ಮನೆ ಕೂರಬೇಕಿದ್ದ ಪಂಪ್‌ಸೆಟ್‌ಗಳೆಲ್ಲ ಓಡಿದವು, ರಾಜ್ಯದ ಬೇಡಿಕೆ ಬೇಸಿಗೆಯ ಹಾಗೆ ಏರಿತು. "ಆಗಸ್ಟ್ ಅಂದರೆ ಕಡಿಮೆ" ಅಂತ ಹಳೇ ವರ್ಷಗಳಿಂದ ಕಲಿತ ಯಾವ ಗೆರೆಯೂ ಅಲ್ಲಿ ಸೋಲಲೇಬೇಕು. ತಿಂಗಳ ಹೆಸರಿನ ಬದಲು ಕಳೆದ 10 ದಿನದ ಮಳೆ, ಕಳೆದ 30 ದಿನದ ಮಳೆ ಅಂತ ಇಟ್ಟಿದ್ದರೆ ಸೋಲು ಅಷ್ಟು ದೊಡ್ಡದಾಗುತ್ತಿರಲಿಲ್ಲ.

ಅದೇ ಮಳೆ ಎಲ್ಲ ಕಡೆ ಒಂದೇ ಥರ ಕೆಲಸ ಮಾಡುವುದಿಲ್ಲ. ಭದ್ರಾ ನಾಲೆ ಹರಿಯುವ ಹರಿಹರದ ಕಡೆಯ ಫೀಡರಿಗೂ (ಸಬ್‌ಸ್ಟೇಷನ್‌ನಿಂದ ಹೊರಡುವ ಲೈನು), ಬೋರ್‌ವೆಲ್ ನಂಬಿದ ಜಗಳೂರು, ಚಳ್ಳಕೆರೆ ಫೀಡರಿಗೂ ಇಳಿಜಾರು ಬೇರೆ. ಎರಡನ್ನೂ ಸೇರಿಸಿ ಒಂದೇ ಗೆರೆ ಎಳೆದರೆ ಇಬ್ಬರಿಗೂ ಸರಿ ಹೋಗದ ಅಂಗಿ ಹೊಲಿದ ಹಾಗೆ.

"ತೋಟದ ಫೀಡರಿನ ಯೂನಿಟ್ ನೋಡಿದ್ರೆ ರೈತರಿಗೆ ಎಷ್ಟು ಬೇಕು ಅಂತ ಗೊತ್ತಾಗುತ್ತಲ್ಲ?"

ಗೊತ್ತಾಗುವುದಿಲ್ಲ. ತ್ರೀಫೇಸ್ ಕೊಡುವುದು ದಿನಕ್ಕೆ ಇಷ್ಟು ಗಂಟೆ ಅಂತ. ಕೊಟ್ಟಷ್ಟು ಹೊತ್ತು ಓಡುತ್ತದೆ. ಬರಗಾಲದಲ್ಲಿ ರೈತರಿಗೆ ಹತ್ತು ಗಂಟೆ ಬೇಕಿದ್ದು, ಆರು ಗಂಟೆ ಕೊಟ್ಟರೆ, ಮೀಟರ್ ಆರು ಗಂಟೆಯದ್ದನ್ನೇ ತೋರಿಸುತ್ತದೆ. ಆ ಅಂಕಿಯಿಂದ ಗೆರೆ ಎಳೆದು "ಬರದಲ್ಲೂ ಬೇಡಿಕೆ ಏರಲಿಲ್ಲ" ಅಂದರೆ ಅದು ರೈತರಿಗೆ ಮಾಡುವ ಅನ್ಯಾಯ. ಕರೆಂಟ್ ಕೊಟ್ಟ ಗಂಟೆಗಳನ್ನು ಗೆರೆಯಲ್ಲಿ ಇಡಲೇಬೇಕು.

ರಾಜ್ಯದಲ್ಲಿ 10 ಎಚ್‌ಪಿವರೆಗಿನ ಐಪಿ ಸೆಟ್‌ಗಳಿಗೆ, ಅಂದರೆ ನೀರಾವರಿ ಪಂಪ್‌ಸೆಟ್‌ಗಳಿಗೆ, ಕರೆಂಟ್ ಉಚಿತ, ಬಹಳಷ್ಟಕ್ಕೆ ಮೀಟರೂ ಇಲ್ಲ. ಹಾಗಾಗಿ ಫೀಡರ್ ಅಥವಾ ಟಿಸಿ ಮೀಟರಿನಿಂದ ಲೈನಿನ ನಷ್ಟ ಕಳೆದು ಅಂದಾಜು ಮಾಡುತ್ತಾರೆ. ಇದರಲ್ಲಿ ನೀರಿನ ಆಳವನ್ನು ಮರೆಯಬೇಡಿ. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು ಲೆಕ್ಕದ ಪ್ರಕಾರ 0.27 ಯೂನಿಟ್ ಸಾಕು. ಪಂಪು, ಮೋಟರ್ ಸೇರಿ ದಕ್ಷತೆ ಶೇ. 40 ಇದ್ದರೆ 0.68 ಯೂನಿಟ್. ನೀರು 200 ಮೀಟರಿಗೆ ಇಳಿದರೆ ಇದು ಎರಡರಷ್ಟು. ತೋಟ ಅಷ್ಟೇ, ಬೆಳೆ ಅದೇ, ಇಳಿಜಾರು ಮಾತ್ರ ವರ್ಷ ವರ್ಷಕ್ಕೂ ಏರುತ್ತದೆ.

"ಮನೆ ಮೇಲೆ ಸೋಲಾರ್ ಇದೆ. ನೆಟ್ ಮೀಟರ್ ಅಂಕಿಯಿಂದ ಗೆರೆ ಎಳೀಬಹುದಾ?"

ನೇರವಾಗಿ ಬೇಡ. ನೆಟ್ ಮೀಟರ್ ತೋರಿಸುವುದು ಬಳಸಿದ್ದರಲ್ಲಿ ನಿಮ್ಮ ಉತ್ಪಾದನೆ ಕಳೆದ ಉಳಿಕೆ. ಬಿಸಿಲು ಜಾಸ್ತಿ ಇದ್ದ ದಿನ ಫ್ಯಾನೂ ಜಾಸ್ತಿ, ಉತ್ಪಾದನೆಯೂ ಜಾಸ್ತಿ. ಎರಡೂ ಒಂದನ್ನೊಂದು ಮುಚ್ಚುತ್ತವೆ. ಗ್ರಿಡ್‌ನಿಂದ ಬಂದದ್ದಕ್ಕೆ ಇನ್ವರ್ಟರ್ ತೋರಿಸುವ ಉತ್ಪಾದನೆ ಕೂಡಿಸಿ, ಗ್ರಿಡ್‌ಗೆ ಕೊಟ್ಟದ್ದನ್ನು ಕಳೆಯಿರಿ. ಅದು ನಿಮ್ಮ ನಿಜವಾದ ಬಳಕೆ.

ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳ ಬಗ್ಗೆಯೂ ಕೇಳುತ್ತಾರೆ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟು. ಸಾದಾ ನೇರ ಗೆರೆ ಅಲ್ಲಿ ನಡೆಯುವುದಿಲ್ಲ.

"2020ರ ಲಾಕ್‌ಡೌನ್ ತಿಂಗಳುಗಳನ್ನ ಬಿಡಬೇಕಾ, ಇಡಬೇಕಾ?"

ಉಳಿತಾಯದ ಲೆಕ್ಕಕ್ಕಾದರೆ ಬಿಟ್ಟುಬಿಡಿ. ವರ್ಷಗಟ್ಟಲೆ ಓಡುವ ಬೇಡಿಕೆಯ ಲೆಕ್ಕಕ್ಕಾದರೆ ಇಟ್ಟು, ಆ ದಿನಗಳಿಗೆ 1, ಉಳಿದವಕ್ಕೆ 0 ಅಂತ ಒಂದು ಗುರುತಿನ ಕಾಲಂ ಸೇರಿಸಿ. ಸದ್ದಿಲ್ಲದೇ ಅಳಿಸಬೇಡಿ, ಯಾಕೆ ಬಿಟ್ಟೆ ಅಂತ ಬರೆದಿಡಿ.

"ವರ್ಷಕ್ಕೆ 18,000 ಯೂನಿಟ್ ಉಳೀತು ಅಂದ್ರಿ. ಎಷ್ಟು ಖಾತ್ರಿ?"

ರೈಸ್ ಮಿಲ್ಲಿನ ಲೆಕ್ಕವನ್ನೇ ತಗೊಳ್ಳೋಣ. ತಿಂಗಳಿಗೆ 1,500 ಉಳಿತಾಯ, ಉಳಿಕೆಯ ಗಾತ್ರ 600 ಯೂನಿಟ್. 12 ಚುಕ್ಕಿಗಳ ಗೆರೆಯಿಂದ ಒಂದೇ ತಿಂಗಳು ಹೇಳಬೇಕಾದರೆ ಶೇ. 95ರ ನಂಬಿಕೆಗೆ ಆಚೀಚೆ ಕನಿಷ್ಠ 1,400 ಇಡಬೇಕು. ಅಂದರೆ ಉಳಿತಾಯ 100 ಇರಬಹುದು, 2,900 ಇರಬಹುದು. ಒಂದು ತಿಂಗಳ ಬಿಲ್ಲು ನೋಡಿ ಕುಣಿಯಬೇಡಿ ಅನ್ನುವುದು ಇದಕ್ಕೇ.

12 ತಿಂಗಳು ಕೂಡಿಸಿದರೆ ತಿಂಗಳ ತಪ್ಪುಗಳು ಒಂದನ್ನೊಂದು ಸ್ವಲ್ಪ ಕಳೆಯುತ್ತವೆ. ಆದರೆ ಗೆರೆಯೇ ಕೊಂಚ ಮೇಲೆ ಕೂತಿದ್ದರೆ ಆ ತಪ್ಪು 12 ತಿಂಗಳೂ ಒಂದೇ ದಿಕ್ಕಿಗೆ ಎಳೆಯುತ್ತದೆ. ಎರಡನ್ನೂ ಸೇರಿಸಿದರೆ 18,000ಕ್ಕೆ ಆಚೀಚೆ ಸುಮಾರು 6,500. ಅನೇಕ ವರದಿಗಳು ಎರಡನೇ ಪಾಲನ್ನು ಬಿಟ್ಟು 4,600 ಅಂತ ಬರೆದುಬಿಡುತ್ತವೆ.

ದಿನದ ಅಂಕಿ ಬಳಸಿ "365 ಚುಕ್ಕಿ ಇವೆ" ಅಂತ ಬೀಗುವವರಿಗೂ ಒಂದು ಮಾತು. ಇವತ್ತಿನ ತಪ್ಪು ನಾಳೆಗೂ ಅಂಟಿಕೊಳ್ಳುತ್ತದೆ. ಪಕ್ಕಪಕ್ಕದ ಉಳಿಕೆಗಳ ನಂಟು (0 ಅಂದರೆ ನಂಟಿಲ್ಲ, 1 ಅಂದರೆ ಪೂರ್ತಿ ನಂಟು) 0.5 ಇದ್ದರೆ 365 ದಿನಗಳಿಗೆ ಸುಮಾರು 120 ದಿನದಷ್ಟೇ ತೂಕ.

"ಈಗ ಯಂತ್ರವೇ ಕಲಿಯುತ್ತೆ. ಈ ಹಳೇ ಗೆರೆ ಇನ್ನೂ ಯಾಕೆ?"

ಸಾವಿರಾರು ಮೀಟರ್, ಗಂಟೆ ಗಂಟೆಯ ಅಂಕಿ ಇದ್ದರೆ ಹೊಸ ವಿಧಾನಗಳು ಖಂಡಿತ ಮುಂದೆ. ಅವನ್ನೂ ಕಲಿಯಿರಿ. ಆದರೆ ಅವುಗಳಲ್ಲಿ ನಿರ್ಧಾರ ಮರಗಳ ವಿಧಾನಗಳಿಗೆ, ಅಂದರೆ ಹೌದು-ಅಲ್ಲ ಪ್ರಶ್ನೆ ಕೇಳುತ್ತ ಅಂಕಿಗಳನ್ನು ಗುಂಪು ಮಾಡುವ ವಿಧಾನಗಳಿಗೆ, ಒಂದು ಮಿತಿ ಇದೆ. ಕಲಿಯುವಾಗ 40 ಡಿಗ್ರಿಯವರೆಗೆ ಮಾತ್ರ ನೋಡಿದ್ದರೆ, 42 ಡಿಗ್ರಿಯ ದಿನಕ್ಕೂ ಅವು 40ರ ಉತ್ತರವನ್ನೇ ಕೊಡುತ್ತವೆ. ಗೆರೆ ಮುಂದಕ್ಕೆ ಚಾಚುತ್ತದೆ. ಚಾಚಿದ್ದು ಸರಿಯೇ ಅಂತ ನೀವು ಯೋಚಿಸಬೇಕು, ಆದರೆ ಕೊನೇಪಕ್ಷ ಯೋಚಿಸಲು ಒಂದು ಇಳಿಜಾರು ಕೈಯಲ್ಲಿರುತ್ತದೆ. 12 ಬಿಲ್ಲು ಹಿಡಿದು ಬಂದ ಮಿಲ್ ಮಾಲೀಕರಿಗೆ "ಟನ್ನಿಗೆ 35 ಯೂನಿಟ್" ಅಂದರೆ ಅವರು ಅಲ್ಲೇ ಪರೀಕ್ಷಿಸಿ ನೋಡುತ್ತಾರೆ.

"ಉಳಿದ ಕರೆಂಟಿನಲ್ಲಿ ಪಾಲು ಕೊಡಿ, ಮೋಟರ್ ನಾವೇ ಹಾಕ್ತೀವಿ ಅಂತ ಕಂಪನಿಯವರು ಬಂದಿದಾರೆ. ಒಪ್ಪಲಾ?"

ಒಪ್ಪಬಹುದು, ಗೆರೆ ಮೊದಲು ಬರೆದಿಟ್ಟರೆ. ಹೊಸ ಮೋಟರ್ ಕೂರುವ ಮುಂಚೆ ಹಳೇ 12 ತಿಂಗಳ ಗೆರೆ, ಅದರ ಅಂಕಿಗಳು, ಉಳಿಕೆಯ ಗಾತ್ರ ಒಪ್ಪಂದದ ಹಾಳೆಯಲ್ಲೇ ಇರಬೇಕು. ಇಬ್ಬರೂ ಸಹಿ ಹಾಕಬೇಕು. ಕೆಲಸ ಮುಗಿದ ಮೇಲೆ ಎಳೆದ ಗೆರೆ ಎಳೆದವರ ಕಡೆಗೇ ವಾಲುತ್ತದೆ.

ಹೊಸ ಯಂತ್ರ ಸೇರಿದರೆ, ಎರಡನೇ ಪಾಳಿ ಶುರುವಾದರೆ, ಕುಚ್ಚಲಕ್ಕಿ ಬಿಟ್ಟು ಬೆಳ್ತಿಗೆ ಮಾತ್ರ ಆಡಿಸಿದರೆ ಲೆಕ್ಕ ಹೇಗೆ ತಿದ್ದುತ್ತೀರಿ ಅನ್ನುವುದನ್ನೂ ಮೊದಲೇ ಬರೆಯಿರಿ. ಹಳೇ ಗೆರೆ ಕಂಡಿದ್ದು 200ರಿಂದ 450 ಟನ್ ಆಗಿದ್ದರೆ, 700 ಟನ್ ಆಡಿಸಿದ ತಿಂಗಳನ್ನು ಅದರಿಂದ ಅಳೆಯುವುದಿಲ್ಲ ಅಂತಲೂ ಸೇರಿಸಿ. ಈ ಕೆಲಸಕ್ಕೆ ಐಪಿಎಂವಿಪಿ ಅನ್ನುವ ಅಂತರರಾಷ್ಟ್ರೀಯ ಪದ್ಧತಿ ಇದೆ. ಇಡೀ ಮಿಲ್ಲಿನ ಬಿಲ್ಲಿನಿಂದ ಅಳೆಯುವುದನ್ನು ಅದರಲ್ಲಿ ಸಿ ಆಯ್ಕೆ ಅಂತಾರೆ. ಉಳಿತಾಯ ತೀರ ಸಣ್ಣದಾದರೆ, ಅಂದರೆ ಒಟ್ಟು ಬಿಲ್ಲಿನ ಶೇ. 10ಕ್ಕಿಂತ ಕಡಿಮೆ ಆದರೆ, ಆ ಮೋಟರಿಗೇ ಬೇರೆ ಮೀಟರ್ ಹಾಕಿಸುವುದು ಒಳ್ಳೆಯದು.

"ನಾನು ಡಿಗ್ರಿ ಓದ್ತಿದೀನಿ. ಪ್ರಾಜೆಕ್ಟಿಗೆ ಎಲ್ಲಿಂದ ಶುರು ಮಾಡ್ಲಿ?"

ನಿಮ್ಮ ಮನೆ ಮೀಟರಿನಿಂದ. ನಾಳೆ ಬೆಳಿಗ್ಗೆ ಏಳಕ್ಕೆ ರೀಡಿಂಗ್ ಬರೆಯಿರಿ, ನಾಡಿದ್ದು ಅದೇ ಹೊತ್ತಿಗೆ ಮತ್ತೆ. ಪಕ್ಕದಲ್ಲಿ ಆ ದಿನದ ಉಷ್ಣಾಂಶ, ಮನೆಯಲ್ಲಿದ್ದ ಜನ, ಕರೆಂಟ್ ಹೋಗಿದ್ದ ಹೊತ್ತು ಬರೆಯಿರಿ. 60 ದಿನ ತಪ್ಪದೇ ಬರೆದ ನೋಟ್‌ಬುಕ್ ತಂದರೆ ನಾನು ಪಕ್ಕದಲ್ಲಿ ಕೂತು ಗೆರೆ ಎಳೆಯಲು ಕಲಿಸುತ್ತೇನೆ. ಆಮೇಲೆ ನಿಮ್ಮ ಊರು ಜಗಳೂರಿನ ಕಡೆ ಇದ್ದರೆ ಹರಿಹರದ ಕಡೆಯ ಗೆಳೆಯರೊಬ್ಬರನ್ನು ಜೊತೆ ಮಾಡಿಕೊಳ್ಳಿ. ಒಂದು ಹದ ಮಳೆ ಬಿದ್ದ ಮೇಲೆ ಎರಡೂ ಕಡೆಯ ತೋಟದ ಮೋಟರ್‌ಗಳು ಎಷ್ಟು ದಿನ ಸುಮ್ಮನಿರುತ್ತವೆ ಅಂತ ಅಳೆದು ತನ್ನಿ. ನನಗೂ ಅದನ್ನು ನೋಡುವ ಆಸೆ ಇದೆ.